ಊರು ನಿಂತುಹೋದ ದಿನ ಮನೆ ಸೇರುವುದು ಹೇಗೆ?

ಪ್ರಶ್ನೆ: ನನ್ನ ಆಫೀಸ್ ಬೆಂಗಳೂರಿನಲ್ಲಿ, ಬೆಳ್ಳಂದೂರಿನ ಹತ್ತಿರ, ಔಟರ್ ರಿಂಗ್ ರೋಡಿನಲ್ಲಿ. ಮನೆ ವಿಜಯನಗರ. ಮಗಳು ನಾಲ್ಕನೇ ಕ್ಲಾಸು, ಶಾಲೆ ಮನೆಯಿಂದ ಒಂದೂವರೆ ಕಿಲೋಮೀಟರ್. ಹಗಲು ಮನೆಯಲ್ಲಿ ಅತ್ತೆ ಒಬ್ಬರೇ, ಅವರಿಗೆ ಮಂಡಿನೋವು. ಯಜಮಾನರ ಕೆಲಸ ಪೀಣ್ಯದಲ್ಲಿ. ಇದ್ದಕ್ಕಿದ್ದ ಹಾಗೆ ದೊಡ್ಡ ಮಳೆಯೋ ಗಲಾಟೆಯೋ ಆಗಿ ಊರೇ ನಿಂತುಹೋದರೆ ನಾನು ಮನೆ ಸೇರುವುದು ಹೇಗೆ? ಈ ಯೋಚನೆ ಬಂದರೆ ರಾತ್ರಿ ನಿದ್ದೆ ಬರುವುದಿಲ್ಲ.

ಉತ್ತರ: ಮಳೆಗಾಲ ಶುರುವಾದರೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ತಾಯಂದಿರೇ ಜಾಸ್ತಿ. ದಾರಿಯ ಬಗ್ಗೆ ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು ತೀರ್ಮಾನ ಆಗಬೇಕು. ನೀವು ಬರುವ ತನಕ ಮಗಳ ಜೊತೆ ಯಾರಿರುತ್ತಾರೆ? ಅತ್ತೆಯ ಜೊತೆ ಯಾರಿರುತ್ತಾರೆ? ಇದಕ್ಕೆ ಉತ್ತರ ಇದ್ದರೆ ನೀವು ಓಡಬೇಕಾಗಿಲ್ಲ. ಓಡುವವರಿಗೇ ಅಪಾಯ ಜಾಸ್ತಿ.

ಇದನ್ನು ನಾನು ಕಲಿತದ್ದು 2016ರ ಸೆಪ್ಟೆಂಬರ್ 12ರಂದು. ಕಾವೇರಿ ಗಲಾಟೆಯ ಸೋಮವಾರ ಅದು. ನಾನು ಕೋರಮಂಗಲದಲ್ಲಿ ಕೆಲಸದಲ್ಲಿದ್ದೆ, ಮನೆ ಚಂದ್ರಾ ಲೇಔಟ್. ಮಧ್ಯಾಹ್ನದ ಹೊತ್ತಿಗೆ ಬಸ್ಸುಗಳು ಕಾಣೆಯಾದವು, ಅಂಗಡಿಗಳ ಶಟರ್ ಇಳಿದವು. ಮಗಳಿಗೆ ಆಗ ಏಳು ವರ್ಷ. ಅವಳ ಶಾಲೆಯವರು ಯಾರಿಗೂ ಫೋನ್ ಮಾಡದೆ ಮಕ್ಕಳನ್ನು ಬೇಗ ಬಿಟ್ಟುಬಿಟ್ಟಿದ್ದರು. ನಾನು ಚಪ್ಪಲಿಯಲ್ಲೇ ಹೊರಟೆ. ಮೈಸೂರು ರಸ್ತೆ ಕಡೆ ಹೊಗೆ ಏಳುತ್ತಿತ್ತು. ಎದುರಿಗೆ ಬರುತ್ತಿದ್ದವರೆಲ್ಲ "ಆ ಕಡೆ ಹೋಗಬೇಡಿ ಅಮ್ಮ" ಅನ್ನುತ್ತಿದ್ದರು. ಆದರೂ ಹೋದೆ, ಮಗು ಎಲ್ಲಿದೆ ಅಂತ ಗೊತ್ತಿರಲಿಲ್ಲವಲ್ಲ. ಮನೆ ಮುಟ್ಟಿದಾಗ ರಾತ್ರಿ ಎಂಟಾಗಿತ್ತು. ಶಾಲೆಯ ಆಟೋ ಓಡಿಸುವ ಅಣ್ಣ ತನ್ನ ಗಾಡಿಯ ಆರೂ ಮಕ್ಕಳನ್ನು ತನ್ನ ಮನೆಗೇ ಕರೆದುಕೊಂಡು ಹೋಗಿ, ಹೆಂಡತಿಯ ಕೈಲಿ ಅನ್ನ ಸಾರು ಬಡಿಸಿ ಕೂರಿಸಿಕೊಂಡಿದ್ದ. ಮಗಳು ಅಲ್ಲಿ ಟಿವಿ ನೋಡುತ್ತಿದ್ದಳು. ಆ ಅಣ್ಣನ ಋಣ ನಾನು ತೀರಿಸಲಾರೆ. ಮಗು ಅವನ ಹತ್ತಿರ ಇರುತ್ತದೆ ಅಂತ ಮೊದಲೇ ಮಾತಾಗಿದ್ದರೆ ಆ ಹೊಗೆಯ ಕಡೆಗೆ ನಾನು ನಡೆಯುತ್ತಲೇ ಇರಲಿಲ್ಲ. ಅದೇ ದಿನ ನಿಮ್ಮ ವಿಜಯನಗರವೂ ಸೇರಿ 16 ಪೊಲೀಸ್ ಠಾಣೆಗಳ ಸರಹದ್ದಿನಲ್ಲಿ ಕರ್ಫ್ಯೂ ಹಾಕಿದರು.

ಈಗ ನಿಮ್ಮ ಮನೆಯ ಲೆಕ್ಕ ನೋಡೋಣ. ಪೀಣ್ಯ ನಿಮ್ಮ ಮನೆಗೆ ಬೆಳ್ಳಂದೂರಿನ ಅರ್ಧ ದೂರವೂ ಇಲ್ಲ. ಆದ್ದರಿಂದ ಮೊದಲು ಮನೆ ಸೇರಬೇಕಾದವರು ಯಜಮಾನರು. ಇದನ್ನು ಇಬ್ಬರೂ ಕೂತು ಬಾಯಿಬಿಟ್ಟು ಮಾತಾಡಿಕೊಳ್ಳಿ. "ಅವರು ಹೋಗುತ್ತಾರೆ ಬಿಡು" ಅಂತ ಇಬ್ಬರೂ ಅಂದುಕೊಂಡರೆ ಯಾರೂ ಹೋಗಿರುವುದಿಲ್ಲ, ಇಲ್ಲವೇ ಇಬ್ಬರೂ ದಾರಿಯಲ್ಲಿ ಸಿಕ್ಕಿಕೊಂಡಿರುತ್ತಾರೆ. ಅವರಿಗೂ ಆಗದಿದ್ದರೆ? ಶಾಲೆಗೆ ನಡೆದೇ ಹೋಗಬಲ್ಲ ಒಬ್ಬರು ಬೇಕು. ಪಕ್ಕದ ಮನೆಯವರು, ಮಗಳ ಗೆಳತಿಯ ಅಮ್ಮ, ಹತ್ತಿರದ ನಾದಿನಿ, ಯಾರಾದರೂ ಸರಿ. ಹೋಗಿ ನೇರವಾಗಿ ಕೇಳಿ: "ಅಕ್ಕ, ಏನಾದರೂ ಆದರೆ ನನ್ನ ಮಗಳನ್ನೂ ನಿಮ್ಮ ಮಗಳ ಜೊತೆ ಕರೆದುಕೊಂಡು ಬರ್ತೀರಾ?" ಬೇಡ ಅನ್ನುವವರನ್ನು ನಾನಂತೂ ಇನ್ನೂ ಕಂಡಿಲ್ಲ. ಸಂಕೋಚ ನಮ್ಮದೇ. ಅವರ ಮಗಳಿಗೆ ನೀವೂ ಅದೇ ಮಾತು ಕೊಡಿ.

ಅತ್ತೆಯ ವಿಷಯದಲ್ಲಿ ಮುಖ್ಯವಾದದ್ದು ಕರೆಂಟು. ಮೇಲಿನ ಮಹಡಿಯಲ್ಲಿದ್ದರೆ ಲಿಫ್ಟ್ ನಿಂತುಹೋಗುತ್ತದೆ, ಮೋಟರ್ ನಿಂತರೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಎರಡು ಬಿಂದಿಗೆ ನೀರು, ಒಂದು ಟಾರ್ಚು, ವಾರಕ್ಕಾಗುವಷ್ಟು ಮಾತ್ರೆ ಯಾವಾಗಲೂ ಇರಲಿ. ಕೆಳಗಿನ ಮನೆಯವರ ಹತ್ತಿರ ನಿಮ್ಮ ಮನೆಯ ಒಂದು ಕೀ ಇರಲಿ.

ಫೋನ್ ನಂಬಿಕೊಂಡು ಕೂರಬೇಡಿ. 2008ರ ಜುಲೈ 25ರಂದು ಊರಿನಲ್ಲಿ ಸರಣಿ ಬಾಂಬ್ ಸ್ಫೋಟ ಆದಾಗ ಎಲ್ಲರೂ ಒಟ್ಟಿಗೆ ಫೋನ್ ಹಚ್ಚಿದರು, ಯಾರಿಗೂ ಲೈನ್ ಸಿಗಲಿಲ್ಲ. ಒಂದು ಟವರ್ ಒಂದೇ ಹೊತ್ತಿಗೆ ಇಂತಿಷ್ಟೇ ಕರೆಗಳನ್ನು ಹೊರಬಲ್ಲದು, ಅದು ತುಂಬಿದರೆ ಉಳಿದವರಿಗೆ ಜಾಗ ಇಲ್ಲ. ಸಾದಾ ಎಸ್ಸೆಮ್ಮೆಸ್ಸಿಗೆ ಬೇಕಾದ ಜಾಗ ತುಂಬಾ ಕಡಿಮೆ. ಕೂಡಲೇ ಹೋಗದಿದ್ದರೂ ಕಾದು ನಿಂತು ಸಂದು ಸಿಕ್ಕಾಗ ಹೋಗುತ್ತದೆ. ಇಂಟರ್ನೆಟ್ ಸತ್ತಾಗ ವಾಟ್ಸ್ಯಾಪ್ ಹೋಗುವುದಿಲ್ಲ, ಎಸ್ಸೆಮ್ಮೆಸ್ ಹೋಗಬಹುದು. ಇನ್ನೊಂದು ಉಪಾಯವೂ ಇದೆ. ಬೆಂಗಳೂರಿನ ಹೊರಗಿರುವ ಒಬ್ಬರನ್ನು ಎಲ್ಲರ ಸುದ್ದಿ ಸೇರುವ ಜಾಗ ಮಾಡಿಕೊಳ್ಳಿ. ಶಿವಮೊಗ್ಗದಲ್ಲೋ ಹಾಸನದಲ್ಲೋ ಒಬ್ಬ ಚಿಕ್ಕಮ್ಮ ಇದ್ದೇ ಇರುತ್ತಾರೆ ಅಲ್ವಾ? ಅವರ ಊರಿನಲ್ಲಿ ಆ ಹೊತ್ತಿಗೆ ಯಾವ ತೊಂದರೆಯೂ ಇರುವುದಿಲ್ಲ. ನೀವು, ಯಜಮಾನರು, ಪಕ್ಕದ ಮನೆಯವರು ಮೂವರೂ ಅವರಿಗೆ ಒಂದೊಂದು ಸಾಲು ಕಳಿಸಿದರೆ ಸಾಕು. ಯಾರು ಎಲ್ಲಿದ್ದಾರೆ ಅಂತ ಅವರು ಎಲ್ಲರಿಗೂ ತಿಳಿಸುತ್ತಾರೆ.

ಇಷ್ಟು ಆದ ಮೇಲೆ, ಹೊರಡಬೇಕಾ ಬೇಡವಾ? ಹೆಚ್ಚಿನ ಸಲ ನನ್ನ ಉತ್ತರ, ಈಗಲೇ ಬೇಡ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ ಆದಾಗ ಟೋಕಿಯೋ ಸುತ್ತಮುತ್ತ ರೈಲುಗಳು ನಿಂತು 50 ಲಕ್ಷಕ್ಕೂ ಹೆಚ್ಚು ಜನ ಆ ದಿನ ಮನೆ ಸೇರಲಾಗದೆ ಉಳಿದರು. ರಸ್ತೆಗಳು ಕಿಕ್ಕಿರಿದವು. ಅದಾದ ಮೇಲೆ ಟೋಕಿಯೋದವರು ಒಂದು ನಿಯಮ ಮಾಡಿದರು, 2013ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. ಅದರ ಪ್ರಕಾರ ಕಂಪನಿಗಳು ನೌಕರರನ್ನು ಒಮ್ಮೆಲೇ ಹೊರಗೆ ಬಿಡದೆ ಒಳಗೇ ಇರಿಸಿಕೊಳ್ಳಬೇಕು. ಮೂರು ದಿನಕ್ಕಾಗುವ ನೀರು, ಊಟ ಕೂಡಿಟ್ಟಿರಬೇಕು. ಎಲ್ಲರೂ ರಸ್ತೆಗಿಳಿದರೆ ಆಂಬುಲೆನ್ಸ್, ಅಗ್ನಿಶಾಮಕ ಗಾಡಿಗಳಿಗೆ ದಾರಿ ಸಿಗುವುದಿಲ್ಲ ಅನ್ನುವುದು ಅವರ ಲೆಕ್ಕ. ಮುಂಬೈಯಲ್ಲಿ 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಆಗ ಹೇಗಾದರೂ ಮನೆ ಸೇರೋಣ ಅಂತ ಹೊರಟು ಕಾರಿನೊಳಗೇ ಪ್ರಾಣ ಬಿಟ್ಟವರಿದ್ದಾರೆ. ಮಹಡಿ ಮೇಲಿನ ಆಫೀಸಿನಲ್ಲಿ ರಾತ್ರಿ ಕಳೆಯುವುದು ಕಷ್ಟ, ಆದರೆ ಅಲ್ಲಿ ಜೀವಕ್ಕೆ ಅಪಾಯ ಇಲ್ಲ. ನಿಮ್ಮ ಆಫೀಸಿನವರನ್ನು ಈಗಲೇ ಕೇಳಿ. ರಾತ್ರಿ ಉಳಿಯಬೇಕಾಗಿ ಬಂದರೆ ಕುಡಿಯುವ ನೀರು, ಜನರೇಟರಿಗೆ ಡೀಸೆಲ್, ಹೆಂಗಸರಿಗೆ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಇದೆಯಾ?

ಇನ್ನು ದಾರಿ. ನಿಮ್ಮದು ಹೆಚ್ಚು ಕಡಿಮೆ 20 ಕಿಲೋಮೀಟರ್. ಒಳ್ಳೆ ರಸ್ತೆಯಲ್ಲಿ ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ನಡೆಯುತ್ತೀರಿ. ಮಳೆ, ಜನ, ಕಿತ್ತ ಫುಟ್‌ಪಾತ್ ಸೇರಿದರೆ ಮೂರು ಅಂತಿಟ್ಟುಕೊಳ್ಳಿ. ಅಂದರೆ ಏಳು ಗಂಟೆ. ಮಧ್ಯಾಹ್ನ ನಾಲ್ಕಕ್ಕೆ ಹೊರಟರೆ ಅರ್ಧಕ್ಕೂ ಹೆಚ್ಚು ದಾರಿ ಕತ್ತಲೆಯಲ್ಲಿ. ಹಾಗಾಗಿ ಮಧ್ಯಾಹ್ನ 12ರ ಮೇಲೆ ಪೂರ್ತಿ ದೂರಕ್ಕೆ ಹೊರಡಬೇಡಿ. ಮೆಟ್ರೋ ಓಡುತ್ತಿದೆಯಾ ನೋಡಿ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಸಿಲ್ಕ್ ಬೋರ್ಡ್ ಮೇಲೆ ಹಾದುಹೋಗುತ್ತದೆ. ಅಲ್ಲಿ ಹತ್ತಿ ಆರ್.ವಿ. ರೋಡಿನಲ್ಲಿ ಹಸಿರು, ಮೆಜೆಸ್ಟಿಕ್‌ನಲ್ಲಿ ನೇರಳೆ ಬದಲಿಸಿದರೆ ವಿಜಯನಗರದಲ್ಲೇ ಇಳಿಯಬಹುದು. ಆಗ ನಡಿಗೆ ಆರೇಳು ಕಿಲೋಮೀಟರಿಗೆ ಇಳಿಯುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ನೀರು ನಿಲ್ಲುತ್ತದೆ ಅನ್ನುವುದು ಮಾತ್ರ ನೆನಪಿರಲಿ.

ಮೆಟ್ರೋನೂ ಇಲ್ಲದಿದ್ದರೆ ಮ್ಯಾಪಿನ ಹತ್ತಿರದ ದಾರಿಗಿಂತ ನೀರಿನ ದಾರಿ ತಿಳಿದಿರುವುದು ಮುಖ್ಯ. ಮೆಜೆಸ್ಟಿಕ್ ಕಡೆಯಿಂದ ಹೊರಡುವ ರಾಜಕಾಲುವೆ ಕೆ.ಆರ್. ಮಾರ್ಕೆಟ್, ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರು ಕೆರೆ ಸೇರುತ್ತದೆ. ಅಂದರೆ ಊರಿನ ಮಧ್ಯದ ನೀರೆಲ್ಲ ಇಳಿದು ಬರುವುದು ನಿಮ್ಮ ಆಫೀಸಿನ ಕಡೆಗೇ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ಜನ ಟ್ರ್ಯಾಕ್ಟರಿನಲ್ಲಿ ಕೂತು ಕೆಲಸಕ್ಕೆ ಹೋದದ್ದನ್ನು ನೀವೂ ನೋಡಿರುತ್ತೀರಿ. ನಿಮ್ಮ ದಾರಿಯ ಮೊದಲ ಭಾಗ, ಇಬ್ಬಲೂರು, ಅಗರ, ಕೋರಮಂಗಲ, ಇದೇ ತಗ್ಗಿನಲ್ಲಿದೆ. ವಿಲ್ಸನ್ ಗಾರ್ಡನ್ ದಾಟಿ ಲಾಲ್‌ಬಾಗ್ ಬಂಡೆಯ ಹತ್ತಿರ ಬಂದರೆ ನೆಲ ಏರುತ್ತದೆ. ಬಸವನಗುಡಿ ಎತ್ತರದ ಜಾಗ. ವೃಷಭಾವತಿ ಹುಟ್ಟುವುದು ದೊಡ್ಡ ಬಸವಣ್ಣನ ಪಾದದಲ್ಲಿ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಎತ್ತರದಲ್ಲಿ ತಾನೇ ಹೊಳೆ ಹುಟ್ಟುವುದು? ಚಾಮರಾಜಪೇಟೆ ದಾಟಿದ ಮೇಲೆ ಆ ಹೊಳೆಯ ತಗ್ಗನ್ನೇ ದಾಟಬೇಕು. ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿಗೆ ಎಷ್ಟೋ ಸಲ ನೀರು ನುಗ್ಗಿದೆ, ಆ ಕಡೆ ಇಳಿಯಬೇಡಿ. ದಾರಿಯಲ್ಲಿ ಅಂಗಡಿ ಇಟ್ಟಿರುವ ವಯಸ್ಸಾದವರನ್ನು ಮಾತಾಡಿಸಿ. ಇಲ್ಲಿ ಮೊದಲು ಕೆರೆ ಇತ್ತಾ, ಕೋಡಿ ಯಾವ ಕಡೆ ಹರಿಯುತ್ತಿತ್ತು ಅಂತ ಕೇಳಿ. ಮೆಜೆಸ್ಟಿಕ್ ಬಸ್ ನಿಲ್ದಾಣವೇ ಧರ್ಮಾಂಬುಧಿ ಕೆರೆ ಆಗಿತ್ತಲ್ಲ. ನೀರು ಹಳೆಯ ದಾರಿ ಮರೆಯುವುದಿಲ್ಲ.

ಅಂಡರ್‌ಪಾಸಿಗೆ ಯಾವ ಕಾರಣಕ್ಕೂ ಇಳಿಯಬೇಡಿ. ನಡೆದೂ ಬೇಡ, ಗಾಡಿಯಲ್ಲೂ ಬೇಡ. 2023ರ ಮೇ 21ರಂದು, ವಿಧಾನಸೌಧಕ್ಕೆ ಅಷ್ಟು ಹತ್ತಿರದ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡಳು. ಜೋರಾಗಿ ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನು ಕೆಡವಬಲ್ಲದು. ಒಂದು ಅಡಿ ನೀರಿನಲ್ಲಿ ಸಣ್ಣ ಕಾರು ತೇಲಲು ಶುರುವಾಗುತ್ತದೆ. ಕಾರಿನೊಳಗೆ ಸಿಕ್ಕಿಕೊಂಡರೆ ಮೊದಲು ಬೆಲ್ಟ್ ಬಿಚ್ಚಿ, ಕರೆಂಟ್ ಇರುವಾಗಲೇ ಕಿಟಕಿ ಇಳಿಸಿ, ಹೊರಗೆ ಬನ್ನಿ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ, ಮುಂದಿನ ಗಾಜು ಒಡೆಯುವುದಿಲ್ಲ. ನಿಂತ ನೀರಿನಲ್ಲಿ ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್ ಹತ್ತಿರ ಸುಳಿಯಬೇಡಿ. ತುಂಡಾದ ತಂತಿ ಕಂಡರೆ ದೂರದಿಂದಲೇ ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. 2023ರ ನವೆಂಬರಿನಲ್ಲಿ ವೈಟ್‌ಫೀಲ್ಡ್ ಕಡೆಯ ಹೋಪ್ ಫಾರ್ಮ್ ಹತ್ತಿರ ಬಿದ್ದಿದ್ದ ತಂತಿ ತುಳಿದು ತಾಯಿ, ಹಸುಗೂಸು ಇಬ್ಬರೂ ಹೋದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಗಲಾಟೆಯಾದರೆ ಲೆಕ್ಕ ಬೇರೆ. ದೊಡ್ಡ ರಸ್ತೆ, ಸರ್ಕಲ್ ಬಿಟ್ಟು ಮನೆಗಳಿರುವ ಒಳರಸ್ತೆ ಹಿಡಿಯಿರಿ. ನೋಡುವುದಕ್ಕೆ, ವಿಡಿಯೋ ಮಾಡುವುದಕ್ಕೆ ನಿಲ್ಲಬೇಡಿ. ತುರ್ತಿಗೆ 112, ಆಂಬುಲೆನ್ಸಿಗೆ 108.

ಆಫೀಸಿನ ಡ್ರಾಯರಿನಲ್ಲಿ ಒಂದು ಹಳೆಯ ಶೂ ಜೊತೆ ಇರಲಿ, ನನ್ನ ಕಾಲಿನ ಗುಳ್ಳೆಗಳ ಮೇಲಾಣೆ. ಒಣ ಕಾಲುಚೀಲ, ಸಣ್ಣ ಟಾರ್ಚು, ಪವರ್ ಬ್ಯಾಂಕು, ನೀರಿನ ಬಾಟಲಿ, ನಾಲ್ಕು ಕಡಲೆ ಮಿಠಾಯಿ. ನೆಟ್ವರ್ಕ್ ಇಲ್ಲದಿದ್ದರೆ ಸ್ಕ್ಯಾನ್ ಮಾಡಿ ಹಣ ಕೊಡಲಾಗುವುದಿಲ್ಲ, ಆದ್ದರಿಂದ ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ 500 ರೂಪಾಯಿ. ಒಂದು ಚೀಟಿಯಲ್ಲಿ ಎಲ್ಲರ ನಂಬರ್ ಬರೆದು ಪ್ಲಾಸ್ಟಿಕ್ ಕವರಿನಲ್ಲಿಡಿ. ಅಂಥದ್ದೇ ಚೀಟಿ ಮಗಳ ಬ್ಯಾಗಿನಲ್ಲೂ, ಅತ್ತೆಯ ದಿಂಬಿನ ಪಕ್ಕದಲ್ಲೂ ಇರಲಿ. ಮಗಳಿಗೆ ಒಂದು ನಂಬರಾದರೂ ಬಾಯಿಪಾಠ ಮಾಡಿಸಿ. ಮಗ್ಗಿ ಹೇಳುವ ಮಗುವಿಗೆ ಹತ್ತು ಅಂಕಿ ಕಷ್ಟ ಅಲ್ಲ.

ಒಂದು ಭಾನುವಾರ ಬೆಳಗ್ಗೆ ಅಗರದಿಂದ ಲಾಲ್‌ಬಾಗ್ ತನಕ ನಡೆದು ನೋಡಿ. ಎಲ್ಲಿ ಶೌಚಾಲಯ ಇದೆ, ಎಲ್ಲಿ ಆಸ್ಪತ್ರೆ, ಎಲ್ಲಿ ಕೂರಲು ದೇವಸ್ಥಾನದ ಕಟ್ಟೆ, ಯಾವ ಗೆಳತಿಯ ಮನೆ ದಾರಿಯಲ್ಲಿ ಬರುತ್ತದೆ, ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಆದರೆ ಅದಕ್ಕೂ ಮೊದಲು, ಸೋಮವಾರವೇ ಮಗಳ ಶಾಲೆಗೆ ಹೋಗಿ. ನೀವಿಬ್ಬರೂ ಬರಲಾಗದಿದ್ದರೆ ಮಗುವನ್ನು ಯಾರ ಜೊತೆ ಕಳಿಸಬಹುದು ಅಂತ ಹೆಸರು, ಫೋಟೋ ಸಮೇತ ಬರೆದುಕೊಡಿ. ಫೋನ್ ಸಿಗದಿದ್ದರೂ ಆ ಹಾಳೆ ನೋಡಿ ಕಳಿಸುತ್ತೀರಾ ಅಂತ ಕೇಳಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಬಂದು ಪಕ್ಕದ ಮನೆಯ ಅಕ್ಕನ ಕೈಗೆ ಕೊಡಿ.