ಕಾಲು ಮುರಿದ ಕುದುರೆಯನ್ನು ಯಾಕೆ ಉಳಿಸಲು ಆಗುವುದಿಲ್ಲ?

ಪ್ರಶ್ನೆ: ರೇಸ್‌ನಲ್ಲಿ ಕಾಲು ಮುರಿದುಕೊಂಡ ಕುದುರೆಗೆ ಇಂಜೆಕ್ಷನ್ ಕೊಟ್ಟು ಸಾಯಿಸುತ್ತಾರೆ ಅಂತ ಕೇಳಿದ್ದೇನೆ. ನಾಯಿ, ಕರುಗಳ ಕಾಲಿಗೆ ಪ್ಲಾಸ್ಟರ್ ಹಾಕಿ ವಾಸಿ ಮಾಡುತ್ತಾರಲ್ಲ, ಕುದುರೆಗೆ ಯಾಕೆ ಆಗದು? ಖರ್ಚು ಜಾಸ್ತಿ ಅಂತಲೇ?

ಉತ್ತರ: ಖರ್ಚೂ ಒಂದು ಕಾರಣ, ನಿಜ. ಆದರೆ ಖರ್ಚಿನ ಯೋಚನೆಯೇ ಇಲ್ಲದ ಕಡೆಯೂ ಕುದುರೆಗಳು ಉಳಿದಿಲ್ಲ. ಅಮೆರಿಕದ ಬಾರ್ಬರೋ ಕಥೆ ನೋಡಿ. 2006ರ ಮೇ ತಿಂಗಳಲ್ಲಿ ಕೆಂಟಕಿ ಡರ್ಬಿ ಗೆದ್ದ ಕುದುರೆ ಅದು. ಎರಡು ವಾರ ಕಳೆದು ಬಾಲ್ಟಿಮೋರ್‌ನ ಪ್ರೀಕ್‌ನೆಸ್ ರೇಸ್‌ನಲ್ಲಿ ಓಡುವಾಗ ಅದರ ಬಲ ಹಿಂಗಾಲು ಮುರಿಯಿತು. ಗೊರಸಿನ ಮೇಲೆ ಬರುವ ಫೆಟ್‌ಲಾಕ್ ಕೀಲು ಜಾರಿತ್ತು. ಅದರ ಕೆಳಗಿನ ಮೂಳೆ ಇಪ್ಪತ್ತಕ್ಕೂ ಹೆಚ್ಚು ಚೂರಾಗಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯಲ್ಲಿ ಡಾ. ಡೀನ್ ರಿಚರ್ಡ್‌ಸನ್ ಲೋಹದ ಪ್ಲೇಟ್ ಇಟ್ಟು, 27 ಸ್ಕ್ರೂ ಹಾಕಿ ಜೋಡಿಸಿದರು. ಮುರಿದ ಕಾಲು ನಿಧಾನವಾಗಿ ಕೂಡಿಕೊಳ್ಳುತ್ತಲೂ ಇತ್ತು. ಕೆಟ್ಟಿದ್ದು ಇನ್ನೊಂದು ಹಿಂಗಾಲು, ಏಟೇ ಬೀಳದ ಕಾಲು.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ. ಕುದುರೆಯ ತೂಕ ಸುಮಾರು 500 ಕೆ.ಜಿ. ಒಂದು ಕಾಲನ್ನು ಊರಲು ಆಗದಿದ್ದರೆ ಜೊತೆಯ ಕಾಲು ಹಗಲೂ ರಾತ್ರಿ ಹೆಚ್ಚಿನ ಭಾರ ಹೊರಬೇಕು. ಗೊರಸಿನ ಒಳಗೆ ಒಂದು ಮೂಳೆ ಇದೆ. ನೂರಾರು ತೆಳು ಪದರಗಳು ಅದನ್ನು ಗೊರಸಿನ ಗೋಡೆಗೆ ಹಿಡಿದಿಟ್ಟಿರುತ್ತವೆ. ಕಾಲನ್ನು ಎತ್ತಿ ಇಡುತ್ತಾ ಇದ್ದರೆ ಮಾತ್ರ ಆ ಪದರಗಳಿಗೆ ರಕ್ತ ಸರಿಯಾಗಿ ಹರಿಯುತ್ತದೆ. ಒಂದೇ ಕಾಲಿನ ಮೇಲೆ ದಿನಗಟ್ಟಲೆ ಭಾರ ಹಾಕಿ ನಿಂತರೆ ರಕ್ತ ಸಾಲದೆ ಪದರಗಳು ಸಾಯುತ್ತವೆ, ಮೂಳೆ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಲ್ಯಾಮಿನೈಟಿಸ್ ಎನ್ನುವ ಈ ಕಾಯಿಲೆಯ ನೋವು ಭಯಂಕರ. ಬಾರ್ಬರೋನ ಎಡ ಹಿಂಗಾಲಿನ ಗೊರಸನ್ನು ಮುಕ್ಕಾಲಿಗಿಂತ ಹೆಚ್ಚು ಕತ್ತರಿಸಬೇಕಾಯಿತು. ಕೊನೆಗೆ ಮುಂಗಾಲುಗಳಿಗೂ ಅದು ಹಬ್ಬಿತು. 2007ರ ಜನವರಿ 29ರಂದು ದಯಾಮರಣ ಕೊಟ್ಟರು.

ಹಾಗಾದರೆ ಮಲಗಿಸಿಬಿಡಬಹುದಲ್ವಾ? ಹಸುವಾದರೆ ಮಲಗಿ ಮೆಲುಕು ಹಾಕುತ್ತಾ ಇರುತ್ತದೆ. ಕುದುರೆ ನಿಂತೇ ತೂಕಡಿಸುವ ಪ್ರಾಣಿ. ಬಹಳ ಹೊತ್ತು ಮಲಗಿದರೆ ಅದರ ತೂಕವೇ ಅದರ ಮಾಂಸಖಂಡ, ಶ್ವಾಸಕೋಶಗಳನ್ನು ಒತ್ತುತ್ತದೆ. ಹೊಟ್ಟೆಯೂ ಕೆಡುತ್ತದೆ. ಮೇಲಾಗಿ ಅದು ಹೆದರಿ ಓಡುವ ಜೀವ. ನ್ಯೂಯಾರ್ಕ್‌ನ ಬೆಲ್ಮಾಂಟ್ ಪಾರ್ಕ್‌ನಲ್ಲಿ 1975ರ ಜುಲೈನಲ್ಲಿ ರಫಿಯನ್ ಎಂಬ ಹೆಣ್ಣು ಕುದುರೆಯ ಮುಂಗಾಲು ಮುರಿಯಿತು. ಆಪರೇಷನ್ ಮುಗಿದಿತ್ತು. ಅರಿವಳಿಕೆ ಇಳಿದು ಎಚ್ಚರ ಬರುತ್ತಿದ್ದಂತೆ ಅದು ಇನ್ನೂ ರೇಸ್‌ನಲ್ಲಿ ಇದ್ದ ಹಾಗೆ ಕಾಲು ಬಡಿಯತೊಡಗಿತು. ಪ್ಲಾಸ್ಟರ್ ಒಡೆದು, ಕಾಲು ಮತ್ತೆ ಛಿದ್ರವಾಗಿ, ಉಳಿಸುವ ದಾರಿಯೇ ಇಲ್ಲದೆ ಹೋಯಿತು. ಬಾರ್ಬರೋಗೆ ಎಚ್ಚರ ಬರುವಾಗ ಅದನ್ನು ನೀರಿನ ಕೊಳದಲ್ಲಿ ರಬ್ಬರ್ ತೆಪ್ಪದ ಮೇಲೆ ತೇಲಿಸಿದ್ದು ಇಂಥ ಅನಾಹುತ ಆಗದಿರಲಿ ಎಂದೇ.

ಕಾಲಿನ ರಚನೆಯೂ ಕಷ್ಟದ್ದೇ. ಮುಂಗಾಲಿನಲ್ಲಿ ನಾವು ಮೊಣಕಾಲು ಎನ್ನುವುದು ನಿಜಕ್ಕೂ ಅದರ ಮಣಿಕಟ್ಟು. ಅಲ್ಲಿಂದ ಕೆಳಗೆ ಇರುವುದು ಒಂದೇ ಬೆರಳು. ಅಲ್ಲಿ ಮಾಂಸ ಇಲ್ಲವೆಂದೇ ಹೇಳಬೇಕು. ಮೂಳೆ, ಅದನ್ನು ಬಿಗಿದ ಟೆಂಡನ್ ಎಂಬ ಗಟ್ಟಿ ಹುರಿಗಳು, ಮೇಲೆ ತೆಳು ಚರ್ಮ, ಅಷ್ಟೇ. ಮುರಿದ ಮೂಳೆ ಚರ್ಮ ಸೀಳಿ ಹೊರಗೆ ಬಂದರೆ ನಂಜಾಗುತ್ತದೆ. ರಕ್ತದ ಓಡಾಟ ಕಡಿಮೆ ಇರುವುದರಿಂದ ಗಾಯ ಬೇಗ ಮಾಯುವುದೂ ಇಲ್ಲ.

ಹಾಗಂತ ಕಾಲು ಮುರಿದ ಪ್ರತಿ ಕುದುರೆಯೂ ಸಾಯಬೇಕಿಲ್ಲ. 1971ರಲ್ಲಿ ಇಂಗ್ಲೆಂಡಿನ ಡರ್ಬಿ ಗೆದ್ದ ಮಿಲ್ ರೀಫ್ ಮರುವರ್ಷ ತಾಲೀಮಿನಲ್ಲಿ ಮುಂಗಾಲು ಮುರಿದುಕೊಂಡಿತು. ಪ್ಲೇಟ್, ಸ್ಕ್ರೂ ಹಾಕಿ ಅದನ್ನು ಉಳಿಸಿದರು. ಮತ್ತೆ ರೇಸ್‌ಗೆ ಇಳಿಯದಿದ್ದರೂ ಒಳ್ಳೆಯ ಮರಿಗಳಿಗೆ ತಂದೆಯಾಯಿತು. ಶಾಂತ ಸ್ವಭಾವದ ಕುದುರೆಯಾಗಿದ್ದದ್ದು ಅದಕ್ಕೆ ತುಂಬ ಸಹಾಯವಾಯಿತು. ಮರಿಗಳು, ಪೋನಿಗಳು ಹಗುರ ಇರುವುದರಿಂದ ಅವುಗಳ ಪಾಲಿಗೆ ಆಸೆ ಜಾಸ್ತಿ. ಕೀಲಿನಲ್ಲಿ ಮೂಳೆಯ ಸಣ್ಣ ಚೂರು ಮಾತ್ರ ಎದ್ದಿದ್ದರೆ ಸಣ್ಣ ತೂತು ಮಾಡಿ ನಡೆಸುವ ಕೀಹೋಲ್ ಆಪರೇಷನ್‌ನಲ್ಲಿ ತೆಗೆಯುತ್ತಾರೆ. ಅಂಥ ಎಷ್ಟೋ ಕುದುರೆಗಳು ಮತ್ತೆ ಓಡಿವೆ.

ನನಗೆ ಇದಕ್ಕಿಂತ ಮುಖ್ಯ ಅನಿಸುವ ವಿಷಯ ಇನ್ನೊಂದು. ರೇಸ್‌ನಲ್ಲಿ ಮೂಳೆ ಮುರಿಯುವುದು ಬಹಳ ಸಲ ಒಂದೇ ತಪ್ಪು ಹೆಜ್ಜೆಯಿಂದ ಅಲ್ಲ. ವಾರಗಟ್ಟಲೆ ಓಡಿ ಓಡಿ ಒಳಗೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಬಿದ್ದಿರುತ್ತವೆ. ಆಗ ಕುದುರೆ ಸ್ವಲ್ಪ ಕುಂಟಬಹುದು. ಕುಂಟುವ ಕಾಲು ಯಾವುದು ಅಂತ ತಿಳಿಯಲು ಸಮನಾದ ಗಟ್ಟಿ ನೆಲದ ಮೇಲೆ ನಿಧಾನವಾಗಿ ಕುಕ್ಕುಲೋಟದಲ್ಲಿ ಓಡಿಸಿ. ನೋವಿರುವ ಮುಂಗಾಲು ನೆಲ ಮುಟ್ಟುವಾಗ ಅದು ತಲೆ ಎತ್ತುತ್ತದೆ, ಚೆನ್ನಾಗಿರುವ ಕಾಲು ಊರುವಾಗ ತಗ್ಗಿಸುತ್ತದೆ. ಹಿಂಗಾಲಾದರೆ ಸೊಂಟದ ಏರಿಳಿತ ನೋಡಬೇಕು, ನೋವಿರುವ ಕಡೆ ಅದು ಹೆಚ್ಚು. ಫೆಟ್‌ಲಾಕ್ ಕೀಲನ್ನು ಕೈಯಿಂದ ಮುಟ್ಟಿ ಇನ್ನೊಂದು ಕಾಲಿನ ಜೊತೆ ಹೋಲಿಸಿ. ಬಿಸಿ, ಊತ ಇದ್ದರೆ ಕೆಲಸ ನಿಲ್ಲಿಸಿ, ಡಾಕ್ಟರನ್ನು ಕರೆಯಿರಿ. ಅವರು ನೋಡುವ ಮೊದಲು ನೋವಿನ ಔಷಧಿ ಕೊಟ್ಟು ಓಡಿಸಬೇಡಿ. ನೋವು ಮುಚ್ಚಿಹೋದ ಕುದುರೆ ಬಿರುಕು ಬಿಟ್ಟ ಮೂಳೆಯ ಮೇಲೂ ಪೂರ್ತಿ ವೇಗದಲ್ಲಿ ಓಡುತ್ತದೆ.