ಫ್ಯಾಕ್ಟರಿ ಅಂಗಳದ ಮಳೆನೀರಿಗೂ ಪರ್ಮಿಟ್ ಬೇಕು

ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಮಶೀನ್ ಶಾಪ್, ಟ್ರಕ್ ಯಾರ್ಡ್ ಅಥವಾ ತಿಂಡಿ ತಯಾರಿಸುವ ಘಟಕ ಶುರು ಮಾಡುವ ನಮ್ಮವರು ಸಾಮಾನ್ಯವಾಗಿ ಹೀಗೆ ಕೇಳುತ್ತಾರೆ: "ನಾವು ಕೊಳಕು ನೀರನ್ನು ಹೊರಗೆ ಬಿಡೋದೇ ಇಲ್ಲ. ಮತ್ತೆ ವಾಟರ್ ಬೋರ್ಡ್ ಪರ್ಮಿಟ್ ಯಾಕೆ?"

ಪ್ರಶ್ನೆ ಸಹಜವಾದದ್ದೇ. ಪೀಣ್ಯದಲ್ಲಿ ಘಟಕ ನಡೆಸಿ ಬಂದವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ ಗೊತ್ತಿರುತ್ತದೆ. ನೀರಿನ ಪರ್ಮಿಟ್ ಅಂದರೆ ಪೈಪಿನಿಂದ ಹೊರಬರುವ ನೀರಿನದು ಅಂತಲೇ ಅವರ ಲೆಕ್ಕ. ಆದರೆ ಇಲ್ಲಿ ಮಾತು ಬೇರೆ ನೀರಿನದು. ಮಳೆ ನಿಮ್ಮ ಚಾವಣಿ ಮೇಲೆ ಬೀಳುತ್ತದೆ, ಯಾರ್ಡಿನಲ್ಲಿ ಹರಿಯುತ್ತದೆ, ಅಲ್ಲಿರುವ ಎಣ್ಣೆ, ಧೂಳು, ಲೋಹದ ತುರಿ ಎಲ್ಲವನ್ನೂ ತೊಳೆದುಕೊಂಡು ರಸ್ತೆಬದಿಯ ಮೋರಿಗೆ ಇಳಿಯುತ್ತದೆ. ಈ ಮೋರಿ ಒಳಚರಂಡಿಗೆ ಸೇರುವುದಿಲ್ಲ. ಬಹುತೇಕ ಊರುಗಳಲ್ಲಿ ಅದು ಯಾವ ಶುದ್ಧೀಕರಣವೂ ಇಲ್ಲದೆ ನೇರ ಹಳ್ಳಕ್ಕೆ, ಕೊಲ್ಲಿಗೆ ಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಹುಭಾಗ ಮಾತ್ರ ಬೇರೆ. ಅಲ್ಲಿ ಮಳೆನೀರು ಮತ್ತು ಕೊಳಚೆ ಎರಡಕ್ಕೂ ಒಂದೇ ಕೊಳವೆ.

ಅಮೆರಿಕದ ಕ್ಲೀನ್ ವಾಟರ್ ಆ್ಯಕ್ಟ್ ಬಂದಿದ್ದು 1972ರಲ್ಲಿ. ಕೈಗಾರಿಕೆಗಳ ಮಳೆನೀರನ್ನು ಅದರೊಳಗೆ ಸ್ಪಷ್ಟವಾಗಿ ತಂದಿದ್ದು 1987ರ ತಿದ್ದುಪಡಿ. 1990ರಲ್ಲಿ ಅದಕ್ಕೆ ನಿಯಮಗಳು ಬಂದವು. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸ ನೋಡಿಕೊಳ್ಳುವುದು ರಾಜ್ಯದ ವಾಟರ್ ಬೋರ್ಡ್. ಅದರ ಇಂಡಸ್ಟ್ರಿಯಲ್ ಜನರಲ್ ಪರ್ಮಿಟ್ 2015ರ ಜುಲೈ 1ರಿಂದ ಜಾರಿಗೆ ಬಂತು. ಇದು ಎಲ್ಲರಿಗೂ ಸೇರಿಸಿ ಬರೆದ ಒಂದೇ ಪರ್ಮಿಟ್. ನೀವು ಅದರಡಿ ಹೆಸರು ನೋಂದಾಯಿಸಬೇಕು, ಅಷ್ಟೇ. ಈ "ಅಷ್ಟೇ" ಕೇಳಿ ಜನ ಹಗುರವಾಗಿ ತಗೊಳ್ತಾರೆ. ಹಾಗೆ ತಗೊಳ್ಳಬೇಡಿ. ಅಧಿಕಾರಿ ಬಂದು ಪರಿಶೀಲಿಸಿ ಒಪ್ಪಿಗೆ ಕೊಡುವ ಪದ್ಧತಿ ಇದಲ್ಲ. ನಿಮ್ಮ ಜಾಗ ಹೇಗಿದೆ, ಏನು ಮಾಡುತ್ತೀರಿ ಅಂತ ನೀವೇ ಬರೆದು, ಸುಳ್ಳಾದರೆ ಶಿಕ್ಷೆಗೆ ಒಪ್ಪಿ, ನೀವೇ ಸಹಿ ಹಾಕುವುದು.

ಮೊದಲು ನಿಮ್ಮ ಎಸ್‌ಐಸಿ ಕೋಡ್, ಅಂದರೆ ಉದ್ಯಮದ ಬಗೆ ಗುರುತಿಸುವ ಸಂಖ್ಯೆ, ನೋಡಿ. ಯಾವ ಉದ್ಯಮಕ್ಕೆ ಪರ್ಮಿಟ್ ಬೇಕು ಅನ್ನುವುದು ಮುಖ್ಯವಾಗಿ ಆ ನಾಲ್ಕಂಕಿಯ ಮೇಲೆ ನಿಂತಿದೆ. ಟ್ರಕ್ ಕಂಪನಿಗಳಿಗೆ ಇನ್ನೊಂದು ಪ್ರಶ್ನೆ ಇದೆ: ಆ ಜಾಗದಲ್ಲಿ ಗಾಡಿ ರಿಪೇರಿ, ಡೀಸೆಲ್ ತುಂಬಿಸುವುದು, ತೊಳೆಯುವುದು ನಡೆಯುತ್ತದೆಯೇ? ಸುಮ್ನೆ ಗಾಡಿ ನಿಲ್ಲಿಸುವ ಜಾಗಕ್ಕೂ ಆಯಿಲ್ ಬದಲಿಸುವ ಜಾಗಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಇದೆ.

ಕೋಡ್ ಪಟ್ಟಿಯಲ್ಲಿದ್ದರೆ ನಿಮಗೆ ಎರಡು ದಾರಿ. ಪೂರ್ತಿ ನೋಂದಣಿ, ಅಂದರೆ ಎನ್‌ಓಐ. ಇಲ್ಲವೇ "ನಮ್ಮಲ್ಲಿ ಮಳೆಗೆ ಏನೂ ತಾಗುವುದಿಲ್ಲ" ಅಂತ ದೃಢೀಕರಿಸುವ ಎನ್‌ಇಸಿ. ಎರಡನೆಯದು ಅಗ್ಗ, ನೀರಿನ ಪರೀಕ್ಷೆಯೂ ಬೇಡ. ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆ. ಆದರೆ ಅದು ಇಡೀ ಜಾಗಕ್ಕೆ ಒಟ್ಟಿಗೆ ಅನ್ವಯಿಸುತ್ತದೆ. ಹಿಂಬದಿ ಒಂದು ಮೂಲೆ ಮಾತ್ರ ತೆರೆದಿದೆ ಅನ್ನುವ ಹಾಗಿಲ್ಲ. ಮುಚ್ಚಳ ಬಿಗಿಯಾಗಿರುವ, ಸೋರದ ಡ್ರಮ್ ಹೊರಗಿದ್ದರೆ ನಡೆಯುತ್ತದೆ. ಕೂಲೆಂಟ್ (ಯಂತ್ರ ತಂಪಾಗಿಡುವ ದ್ರವ) ತೊಟ್ಟಿಕ್ಕುವ ಲೋಹದ ತುರಿ ತುಂಬಿ, ಮುಚ್ಚಳ ತೆರೆದಿಟ್ಟ ಡಬ್ಬ ಇದ್ದರೆ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎನ್‌ಇಸಿಯನ್ನು ಪ್ರತಿ ವರ್ಷ ಮತ್ತೆ ದೃಢೀಕರಿಸಬೇಕು. ಕೇಂದ್ರ ನಿಯಮದಲ್ಲಿ ಐದು ವರ್ಷಕ್ಕೊಮ್ಮೆ ಸಾಕು.

ಆದ್ದರಿಂದ ನೋಂದಣಿಗೆ ಕಂಪ್ಯೂಟರ್ ತೆರೆಯುವ ಮೊದಲು ಒಂದು ಜೋರು ಮಳೆಯಲ್ಲಿ ಛತ್ರಿ ಹಿಡಿದು ಯಾರ್ಡ್ ಸುತ್ತಿ. ಅಕ್ಟೋಬರಿನಿಂದ ಏಪ್ರಿಲ್ ಒಳಗೆ ಅವಕಾಶ ಸಿಗುತ್ತದೆ. ನೀರು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಗೇಟಿನಿಂದ ಹೊರಗೆ ಹೋಗುತ್ತದೆಯೇ, ಪಕ್ಕದವರ ನೀರು ಒಳಗೆ ಬರುತ್ತದೆಯೇ? ಬಿಸಿಲಿನಲ್ಲಿ ಬರೆದ ನಕ್ಷೆ ಮಳೆಯಲ್ಲಿ ತಪ್ಪಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಎನ್‌ಇಸಿಗೆ ಸಹಿ ಹಾಕಬಹುದೇ ಇಲ್ಲವೇ ಅನ್ನುವುದೂ ಆಗಲೇ ಗೊತ್ತಾಗುತ್ತದೆ.

ನಿಮ್ಮದು ಎನ್‌ಓಐ ದಾರಿಯಾದರೆ ಮೊದಲು ಮಾಲಿನ್ಯ ತಡೆ ಯೋಜನೆ ಸಿದ್ಧವಿರಬೇಕು. ಈ ಕ್ಷೇತ್ರದಲ್ಲಿ ಇದನ್ನು "ಸ್ವಿಪ್" ಅನ್ನುತ್ತಾರೆ. ನಕ್ಷೆ, ಹೊರಗಿಡುವ ಸಾಮಾನಿನ ಪಟ್ಟಿ, ಯಾವುದರಿಂದ ಏನು ಸೋರಬಹುದು, ಅದಕ್ಕೆ ಏನು ಮಾಡುತ್ತೀರಿ, ಯಾರು ಜವಾಬ್ದಾರಿ, ಸ್ಯಾಂಪಲ್ ಎಲ್ಲಿ ಹಿಡಿಯುತ್ತೀರಿ ಎಲ್ಲವೂ ಅದರಲ್ಲಿ ಬರಬೇಕು. ಬೇರೆಯವರ ಸ್ವಿಪ್ ತಂದು ಹೆಸರು ಬದಲಿಸಿದರೆ ತನಿಖೆಗೆ ಬಂದವರು ಯಾರ್ಡಿಗೆ ಕಾಲಿಟ್ಟ ಕೂಡಲೇ ಹಿಡಿಯುತ್ತಾರೆ. ಆಮೇಲೆ ಸ್ಮಾರ್ಟ್ಸ್ ಅನ್ನುವ ರಾಜ್ಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಎಲ್ಲವನ್ನೂ ಏರಿಸಿ, ಶುಲ್ಕ ಕಟ್ಟಬೇಕು. ಹೊಸ ಘಟಕವಾದರೆ ಕೆಲಸ ಶುರುವಾಗುವ ಕನಿಷ್ಠ 7 ದಿನ ಮೊದಲು. ಸಹಿ ಮಾಲೀಕರದೋ ಕಂಪನಿಯ ಹೊಣೆಗಾರ ಅಧಿಕಾರಿಯದೋ ಆಗಿರಬೇಕು. ನನ್ನಂಥ ಕನ್ಸಲ್ಟೆಂಟ್ ಹಾಕುವ ಹಾಗಿಲ್ಲ. ಕೊನೆಗೆ ಡಬ್ಲ್ಯುಡಿಐಡಿ ನಂಬರ್, ಅಂದರೆ ನಿಮ್ಮ ನೋಂದಣಿ ಸಂಖ್ಯೆ, ಸಿಗುತ್ತದೆ. 2020ರಿಂದ ಎಸ್‌ಬಿ 205 ಕಾನೂನಿನ ಪ್ರಕಾರ, ಪಟ್ಟಿಯಲ್ಲಿರುವ ಉದ್ಯಮಗಳು ಊರಿನ ಬಿಸಿನೆಸ್ ಲೈಸೆನ್ಸ್ ಪಡೆಯುವಾಗಲೂ ನೋಂದಣಿಯ ಪುರಾವೆ ತೋರಿಸಬೇಕು.

ನಂಬರ್ ಬಂದ ಮೇಲೆ ನಿಜವಾದ ಕೆಲಸ. ಜುಲೈಯಿಂದ ಡಿಸೆಂಬರ್ ಒಳಗೆ ಎರಡು ಮಳೆ, ಜನವರಿಯಿಂದ ಜೂನ್ ಒಳಗೆ ಎರಡು ಮಳೆಯಲ್ಲಿ ಸ್ಯಾಂಪಲ್ ಹಿಡಿಯಬೇಕು. ನೀರು ಹೊರಗೆ ಹರಿಯಲು ಶುರುವಾದ ನಾಲ್ಕು ಗಂಟೆಯೊಳಗೆ. ಕೇಳುವುದಕ್ಕೆ ಸುಲಭ. ಮಳೆ ಬೆಳಗಿನ ಜಾವ ಬಂದರೆ ಬಾಟಲಿ ಹಿಡಿಯುವವರು ಯಾರು ಅಂತ ಮೊದಲೇ ತೀರ್ಮಾನಿಸಿ.

ಫಲಿತಾಂಶದಲ್ಲಿ ಜಾಸ್ತಿ ತಲೆನೋವು ತರುವುದು ಜಿಂಕ್. ವಾರ್ಷಿಕ ಸರಾಸರಿಯ ಮಿತಿ ಲೀಟರಿಗೆ 0.26 ಮಿಲಿಗ್ರಾಂ. "ನಾವು ಜಿಂಕ್ ಬಳಸೋದೇ ಇಲ್ಲ" ಅನ್ನುತ್ತಾರೆ ಮಾಲೀಕರು. ಹೌದು, ಬಳಸುವುದಿಲ್ಲ. ಆದರೆ ಚಾವಣಿಯ ತಗಡಿಗೆ ಜಿಂಕ್ ಲೇಪನ ಇದೆ, ತಂತಿಬೇಲಿಗೂ ಇದೆ. ಫೋರ್ಕ್‌ಲಿಫ್ಟಿನ ಟೈರ್ ಸವೆದು ಬೀಳುವ ಪುಡಿಯಲ್ಲೂ ಜಿಂಕ್ ಇದೆ. ನಮಗೆ ಅಷ್ಟರಿಂದ ಏನೂ ಆಗದು, ನೀರಿನಲ್ಲಿರುವ ಮೀನು, ಹುಳುಗಳಿಗೆ ಅದು ವಿಷ. ಚಾವಣಿಗೆ ಬಣ್ಣ ಬಳಿದು, ಯಾರ್ಡನ್ನು ಯಂತ್ರದಿಂದ ಗುಡಿಸಿದರೆ ಎಷ್ಟೋ ಕಡೆ ಅಂಕಿ ಇಳಿಯುತ್ತದೆ. ನೀರು ಹಾಕಿ ತೊಳೆಯಬೇಡಿ. ಆ ನೀರು ಮೋರಿಗೆ ಹೋದರೆ ಅದೇ ಇನ್ನೊಂದು ಉಲ್ಲಂಘನೆ.

ಮಿತಿ ದಾಟಿದ್ದೇ ಅಪರಾಧ ಅಂತ ಹೆದರಬೇಕಿಲ್ಲ. ದಾಟಿದರೆ ನೀವು ಲೆವೆಲ್ 1ಕ್ಕೆ, ಅಂದರೆ ಸರಿಪಡಿಸುವ ಮೊದಲ ಹಂತಕ್ಕೆ, ಬರುತ್ತೀರಿ. ಕ್ಯುಐಎಸ್‌ಪಿ, ಅಂದರೆ ಕೈಗಾರಿಕೆಯ ಮಳೆನೀರಿನ ಬಗ್ಗೆ ತರಬೇತಿ ಪಡೆದ ತಜ್ಞರು, ಒಬ್ಬರ ಸಹಾಯದಿಂದ ಕಾರಣ ಹುಡುಕಿ, ಸರಿಪಡಿಸಿ, ವರದಿ ಕೊಡಬೇಕು. ಅಪರಾಧ ಆಗುವುದು ಸುಮ್ಮನೆ ಕೂತಾಗ. ಕೇಂದ್ರ ಕಾನೂನಿನಲ್ಲಿ ದಂಡದ ಗರಿಷ್ಠ ಮಿತಿ ಒಂದೊಂದು ಉಲ್ಲಂಘನೆಗೆ ದಿನಕ್ಕೆ 60 ಸಾವಿರ ಡಾಲರ್‌ಗೂ ಮೇಲಿದೆ. 60 ದಿನದ ನೋಟಿಸ್ ಕೊಟ್ಟು ಯಾವ ಪರಿಸರ ಸಂಘಟನೆಯಾದರೂ ನಿಮ್ಮ ಮೇಲೆ ಕೇಸ್ ಹಾಕಬಹುದು. ನಿಮ್ಮ ವರದಿಗಳೆಲ್ಲ ಸ್ಮಾರ್ಟ್ಸ್‌ನಲ್ಲಿ ಎಲ್ಲರಿಗೂ ಕಾಣುತ್ತವೆ. ಇದು ನನಗೆ ಸರಿಯೆನಿಸುತ್ತದೆ. ಹಳ್ಳದ ನೀರು ಎಲ್ಲರದು, ಅಲ್ವಾ?

ನಡೆಯುತ್ತಿರುವ ಘಟಕವನ್ನು ಕೊಳ್ಳುವವರಿಗೆ ಒಂದು ಮಾತು. ಹಳೆಯ ಮಾಲೀಕರ ನಂಬರ್ ನಿಮಗೆ ವರ್ಗವಾಗುವುದಿಲ್ಲ. ಅವರು ತಮ್ಮದನ್ನು ಮುಗಿಸಬೇಕು, ನೀವು ಹೊಸದಾಗಿ ನೋಂದಾಯಿಸಬೇಕು. ಕರಾರಿಗೆ ಸಹಿ ಹಾಕುವ ಮೊದಲು ಆ ವಿಳಾಸದ ಹಳೆಯ ಫಲಿತಾಂಶಗಳನ್ನು ಸ್ಮಾರ್ಟ್ಸ್‌ನಲ್ಲಿ ತೆಗೆದು ನೋಡಿ. ಜಿಂಕ್ ವರ್ಷವರ್ಷವೂ ಮೇಲಿದ್ದರೆ ಚಾವಣಿಗೆ ಬಣ್ಣ ಬಳಿಯುವ ಖರ್ಚನ್ನು ಬೆಲೆ ಮಾತಾಡುವಾಗಲೇ ಎತ್ತಿ.