ದೋಣಿ ಗುಡ್ಡ ಏರಬೇಕಾದರೆ ಮೇಲೆ ನೀರಿರಬೇಕು

ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಗಂಗಾವಳಿ ಎನ್ನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ತುಸು ಪೂರ್ವಕ್ಕೆ ಸರಿದರೆ ಬೆಣ್ಣಿಹಳ್ಳದ ಸೀಮೆ; ಅಲ್ಲಿ ಬಿದ್ದ ಮಳೆ ಮಲಪ್ರಭೆಗೆ ಇಳಿದು, ಕೃಷ್ಣೆಯ ಪಾಲಾಗಿ ಬಂಗಾಳ ಕೊಲ್ಲಿ ಸೇರುತ್ತದೆ. ನಮ್ಮ ಅವಳಿ ನಗರ ಕೂತಿರುವುದು ಈ ಎರಡು ಇಳಿಜಾರುಗಳ ನಡುವಿನ ದಿಬ್ಬದ ಮೇಲೆ, ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿ. ರೈಲು ಬರುವ ಮುಂಚೆ ಈ ಭಾಗದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಮುಟ್ಟುತ್ತಿತ್ತು. ಆ ಕಾಲದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಕಾಲುವೆಯ ದೋಣಿಗಳಲ್ಲಿ ಗುಡ್ಡ ಏರಿ ಇಳಿಯುತ್ತಿತ್ತು. ಅಂಥದೊಂದು ಕಾಲುವೆಯನ್ನು ನಮ್ಮ ಘಟ್ಟಕ್ಕೆ ಊಹಿಸಿಕೊಂಡರೆ, ಏರು ಎಷ್ಟು ಕಡಿದು ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು: ಮೇಲೆ ನೀರೆಲ್ಲಿದೆ?

ದೋಣಿಯನ್ನು ಏರಿಸುವ ಹಳೆಯ ಉಪಾಯ ಲಾಕ್. ಎರಡು ಗೇಟುಗಳ ನಡುವಿನ ಕೋಣೆಗೆ ದೋಣಿ ಬರುತ್ತದೆ. ಹಿಂದಿನ ಗೇಟು ಮುಚ್ಚಿ, ಮೇಲಿನ ಕಾಲುವೆಯ ನೀರನ್ನು ಒಳಗೆ ಬಿಟ್ಟರೆ ನೀರಿನ ಜತೆ ದೋಣಿಯೂ ಏಳುತ್ತದೆ. ಎಂಜಿನ್ ಬೇಡ, ಕರೆಂಟ್ ಬೇಡ. ಆದರೆ ಪ್ರತಿ ಸಲ ಒಂದು ಕೋಣೆ ನೀರು ಮೇಲಿನಿಂದ ಕೆಳಗೆ ಹೋಗಿಬಿಡುತ್ತದೆ. ಇಂಗ್ಲೆಂಡಿನ ಕಿರಿದಾದ ಲಾಕಿಗೂ ಇದು ಲಕ್ಷ ಲೀಟರಿನ ಆಸುಪಾಸು, ಅಂದರೆ ಇಪ್ಪತ್ತು ಟ್ಯಾಂಕರ್ ನೀರು. ದಿಬ್ಬ ದಾಟುವ ದೋಣಿ ಏರುವಾಗ ಒಂದು ಕೋಣೆ, ಆಚೆ ಇಳಿಯುವಾಗ ಇನ್ನೊಂದು ಕೋಣೆ ನೀರನ್ನು ನೆತ್ತಿಯಿಂದ ಖರ್ಚು ಮಾಡುತ್ತದೆ. ನಳದ ನೀರು ಯಾವತ್ತು ಬಂದೀತು ಎಂದು ಕೊಡ ಸಾಲಾಗಿ ಇಟ್ಟು ಕಾಯುವ ನಮ್ಮ ಓಣಿಯವರಿಗೆ ಈ ಲೆಕ್ಕ ಹೇಳಿದರೆ ಹೊಟ್ಟೆ ಉರಿದೀತು.

1681ರಲ್ಲಿ ಮುಗಿದ ಫ್ರಾನ್ಸಿನ ಕನಾಲ್ ದ್ಯು ಮಿದಿ ಇದೇ ಪ್ರಶ್ನೆಗೆ ಸಿಕ್ಕ ದೊಡ್ಡ ಉತ್ತರ. ಅಲ್ಲಿನ ನೊರೂಜ್ ದಿಬ್ಬವೂ ನಮ್ಮದರಂತೆ ಎರಡು ಕಡಲುಗಳ ನೀರನ್ನು ಬೇರ್ಪಡಿಸುತ್ತದೆ, ಎತ್ತರ ಮಾತ್ರ 190 ಮೀಟರಿನಷ್ಟು. ಕಾಲುವೆ ಕಟ್ಟಿಸಿದ ಪಿಯೆರ್ ಪಾಲ್ ರಿಕೆ ಹತ್ತಿರದ ಬೆಟ್ಟಗಳ ತೊರೆಗಳನ್ನು ಹಿಡಿದು, ಸೇಂಟ್ ಫೆರಿಯೋಲ್‌ನಲ್ಲಿ ಜಲಾಶಯ ಕಟ್ಟಿಸಿ, ಆ ನೀರನ್ನು ದಿಬ್ಬದ ನೆತ್ತಿಗೆ ತಂದರು. ನನ್ನ ಮಟ್ಟಿಗೆ ಆ ಯೋಜನೆಯ ಜೀವ ಇರುವುದು ದೋಣಿ ಸಾಗುವ ಕಾಲುವೆಯಲ್ಲಲ್ಲ, ಈ ಏರ್ಪಾಟಿನಲ್ಲಿ.

ನೀರನ್ನು ಕೆಳಗೆ ಚೆಲ್ಲದೆಯೇ ದೋಣಿ ಏರಿಸಬಹುದೆ? ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ ಎರಡು ಕಾಲುವೆಗಳನ್ನು ಕೂಡಿಸುತ್ತಿದ್ದ 11 ಲಾಕ್‌ಗಳನ್ನು 1933ರಲ್ಲಿ ಕಿತ್ತುಹಾಕಿದ್ದರು. ಅವುಗಳ ಬದಲಿಗೆ 2002ರಲ್ಲಿ ನಿಂತದ್ದು 35 ಮೀಟರ್ ವ್ಯಾಸದ ಫಾಲ್ಕರ್ಕ್ ವ್ಹೀಲ್. ಚಕ್ರದ ಎದುರುಬದುರು ತುದಿಗಳಲ್ಲಿ ನೀರು ತುಂಬಿದ ಎರಡು ತೊಟ್ಟಿಗಳು. ಅರ್ಧ ಸುತ್ತು ತಿರುಗಿದರೆ ಕೆಳಗಿನ ದೋಣಿ 24 ಮೀಟರ್ ಮೇಲೇರುತ್ತದೆ, ಮೇಲಿನದು ಇಳಿಯುತ್ತದೆ.

ಸಿದ್ಧಾರೂಢರ ಜಾತ್ರೆಯಲ್ಲಿ ರಾಟೆ ತೊಟ್ಟಿಲು ಆಡಿಸುವವನು ಒಂದೇ ಬದಿಗೆ ಜನ ತುಂಬುವುದಿಲ್ಲ. ಎದುರು ಬದಿಗೂ ಸರಿತೂಗುವಷ್ಟು ಕೂರಿಸುತ್ತಾನೆ. ಫಾಲ್ಕರ್ಕ್‌ನಲ್ಲಿ ಆ ಕೆಲಸವನ್ನು ನೀರೇ ಮಾಡುತ್ತದೆ. ತೇಲುವ ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂದು ಆರ್ಕಿಮಿಡೀಸ್ ಹೇಳಿದ್ದು ಶಾಲೆಯಲ್ಲಿ ಓದಿದ್ದೇವೆ. ತೊಟ್ಟಿಗೆ 10 ಟನ್ನಿನ ದೋಣಿ ಬಂದರೆ 10 ಟನ್ ನೀರು ಕಾಲುವೆಗೆ ಸರಿದಿರುತ್ತದೆ. ಹಾಗಾಗಿ ಒಂದರಲ್ಲಿ ದೋಣಿ ಇದ್ದು ಇನ್ನೊಂದು ಬರೀ ನೀರಾದರೂ, ಮಟ್ಟ ಒಂದೇ ಇದ್ದರೆ ತೂಕವೂ ಒಂದೇ. ಎರಡೂವರೆ ಲಕ್ಷ ಲೀಟರ್ ಹಿಡಿಯುವ ಒಂದು ತೊಟ್ಟಿಯನ್ನು ಒಂಟಿಯಾಗಿ ಎತ್ತಲು, ಲೆಕ್ಕ ಹಾಕಿದರೆ, ನೀರಿನ ಭಾರಕ್ಕೇ 16 ಯೂನಿಟ್ ಕರೆಂಟ್ ಬೇಕು. ಚಕ್ರ ಅರ್ಧ ಸುತ್ತಿಗೆ ಬಳಸುವುದು ಒಂದೂವರೆ ಯೂನಿಟ್. ಜಾತ್ರೆಯ ತೊಟ್ಟಿಲಿನ ಹಾಗೆ ತೂಗಾಡಿದರೆ ಮಾತ್ರ ನೀರು ಚೆಲ್ಲಿಹೋದೀತು. ಅದಕ್ಕೇ ತಿರುಗದ ನಡುವಿನ ಹಲ್ಲುಚಕ್ರವೊಂದು, ಅದಕ್ಕೆ ಕಚ್ಚಿದ ಬೇರೆ ಹಲ್ಲುಚಕ್ರಗಳ ಮೂಲಕ, ತೊಟ್ಟಿಗಳನ್ನು ಸದಾ ಮಟ್ಟಸವಾಗಿ ಹಿಡಿದಿರುತ್ತದೆ.

ಕೆನಡಾದ ಪೀಟರ್‌ಬರೋ ಲಿಫ್ಟ್ 1904ರದು. ಅಕ್ಕಪಕ್ಕದ ಎರಡು ತೊಟ್ಟಿಗಳು, 65 ಅಡಿ ಏರು. ಮೇಲಿನ ತೊಟ್ಟಿಗೆ ಒಂದು ಅಡಿ ಹೆಚ್ಚು ನೀರು ತುಂಬಿಸುತ್ತಾರೆ; ಆ ಹೆಚ್ಚಿನ ಭಾರಕ್ಕೆ ಅದು ಇಳಿಯುತ್ತದೆ, ಇನ್ನೊಂದು ಏಳುತ್ತದೆ. ಅದೇ ಅಗಲದ ಒಂದೇ ಲಾಕ್ ಕಟ್ಟಿದ್ದರೆ 65 ಅಡಿ ನೀರು ಇಳಿದುಹೋಗುತ್ತಿತ್ತು, ಇಲ್ಲಿ ಒಂದು ಅಡಿ ಸಾಕು.

ಹುಬ್ಬಳ್ಳಿಗೆ ಕಡಲಿನಿಂದ ದೋಣಿ ಏರಿಸಲು ಫಾಲ್ಕರ್ಕ್‌ನಂಥ ಚಕ್ರಗಳು ಇಪ್ಪತ್ತೇಳಾದರೂ ಬೇಕು, ಕರೆಂಟ್ 40 ಯೂನಿಟ್ ಚಿಲ್ಲರೆ. ಇದು ಬರೀ ಕಾಗದದ ಲೆಕ್ಕ. ಲಿಫ್ಟು ಉಳಿಸುವುದು ಲಾಕಿನ ನೀರನ್ನಷ್ಟೆ. ಕಾಲುವೆಯ ನೀರು ಏಪ್ರಿಲ್ ಬಿಸಿಲಿಗೆ ಆರಿದ್ದಕ್ಕೂ ನೆಲಕ್ಕೆ ಇಂಗಿದ್ದಕ್ಕೂ ಮೇಲಿನಿಂದ ಸುರಿಯುತ್ತಲೇ ಇರಬೇಕು. ಗದಗ, ಹಾವೇರಿ ಜಿಲ್ಲೆಗಳ ಅಂಚು ಸವರಿ ಹೋಗುವ ತುಂಗಭದ್ರೆಯ ನೀರಿಗೆ, ಬಹಳ ಕೆಳಗೆ, 1860ರ ದಶಕದಲ್ಲಿ ತೋಡಿದ ಕರ್ನೂಲು-ಕಡಪ ಕಾಲುವೆಯನ್ನು ಹೊಲಕ್ಕೂ ದೋಣಿಗೂ ಎಂದೇ ಯೋಜಿಸಿದ್ದರು, ಲಾಕ್‌ಗಳನ್ನೂ ಕಟ್ಟಿದ್ದರು. ಇಂದು ಅದು ನೀರಾವರಿ ಕಾಲುವೆ.